ಮದುವೆಮನೆಯ ಸಿಂಗಾರವೂ ಮಿತವ್ಯಯವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಗೃಹಸ್ಥನ ಲೆಕ್ಕಾಚಾರವು ತಲೆಕೆಳಗಾಗುವುದು ಸಾಮಾನ್ಯ. ಆದರೆ ಎರಡಕ್ಕೂ ಒಂದು ಭೇದವುಂಟು. ಮನೆಗಾಗಿ ಮಾಡಿದ ಸಾಲಕ್ಕೆ ಪ್ರತಿಯಾಗಿ ನಾಲ್ಕು ಗೋಡೆಗಳಾದರೂ ಕಣ್ಣೆದುರಿಗೆ ನಿಂತಿರುವುವು. ಮದುವೆಯ ಅಲಂಕಾರಕ್ಕಾಗಿ ಮಾಡಿದ ಸಾಲಕ್ಕೆ ಮರುದಿನ ಬೆಳಗ್ಗೆ ಗುರುತೂ ಉಳಿಯದು. ಈ ಹೊತ್ತು ನಾನು ಆ ಅಲಂಕಾರದ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ಅಲಂಕಾರವೇ ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮದುವೆಯ ಮನೆಯು ಮದುವೆಯ ಮನೆಯಂತೆಯೇ ಕಾಣಬೇಕು. ಅದನ್ನು ನಮ್ಮ ಕೈಯಿಂದ, ನಮ್ಮ ಸುತ್ತಮುತ್ತ ದೊರೆಯುವ ಸಾಮಗ್ರಿಗಳಿಂದ, ಸಾಲಕ್ಕೆ ಸಿಕ್ಕದೆ ಮಾಡಿಕೊಳ್ಳುವುದು ಹೇಗೆಂಬುದೇ ಇಲ್ಲಿಯ ವಿಚಾರ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಹಿರಿಯ ಮಗಳ ವಿವಾಹವು ನಗರದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಅಲಂಕಾರವನ್ನು ಗುತ್ತಿಗೆಗೆ ಕೊಟ್ಟಿದ್ದರು. ಥರ್ಮೋಕೋಲಿನ ಕಂಬಗಳು, ಬಟ್ಟೆಯ ಹೂಗಳು, ಬಣ್ಣಬಣ್ಣದ ದೀಪಗಳು, ಎಲ್ಲವೂ ನೋಡುವುದಕ್ಕೇನೋ ಬಹಳ ಭರ್ಜರಿಯಾಗಿದ್ದುವು. ಧಾರೆಯಾಯಿತು; ಊಟದ ಎರಡನೆಯ ಪಂಕ್ತಿ ನಡೆಯುತ್ತಿದ್ದಿತು. ನಮ್ಮ ತಾಯಿಯವರಿಗೆ ಆಗ ಎಂಬತ್ತು ದಾಟಿತ್ತು. ಅವರು ನಿಧಾನವಾಗಿ ಊಟ ಮುಗಿಸಿ, ಮೊಮ್ಮಗಳ ಪಕ್ಕದಲ್ಲಿ ಕುಳಿತು ಒಂದು ಭಾವಚಿತ್ರ ತೆಗೆಯಿಸಿಕೊಳ್ಳಬೇಕೆಂದು ನನ್ನ ಕೈಹಿಡಿದು ಬಂದರು. ಬಂದು ನೋಡಿದರೆ ಅಲ್ಲಿ ಮಂಟಪವೇ ಇರಲಿಲ್ಲ. ಸಾಯಂಕಾಲಕ್ಕೆ ಬೇರೊಂದು ಕಡೆ ಒಪ್ಪಿಕೊಂಡಿದ್ದರಂತೆ. ಆಳುಗಳು ಕಂಬಗಳನ್ನು ಕಳಚಿ ಗಾಡಿಗೆ ಏರಿಸುತ್ತಿದ್ದರು. “ಇದು ನಮ್ಮದಲ್ಲವೇನೇ?” ಎಂದು ನಮ್ಮ ತಾಯಿಯವರು ನನ್ನನ್ನು ಕೇಳಿದರು. ನನಗೆ ಉತ್ತರ ತೋರಲಿಲ್ಲ. ಅರ್ಧ ದಿನವೂ ನಿಲ್ಲದ ಆ ಮಂಟಪದ ಸಾಲವನ್ನು ತಂಗಿಯ ಯಜಮಾನರು ಎರಡು ವರ್ಷ ತೀರಿಸಿದರು.

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಹಿಂದಿನವರ ಮದುವೆಗಳಲ್ಲಿ ಅಲಂಕಾರವೆಂಬುದು ಮನೆಮಂದಿಗೂ ನೆಂಟರಿಷ್ಟರಿಗೂ ಒಂದೊಂದು ಕೆಲಸವನ್ನು ಹಂಚಿಕೊಡುವ ಏರ್ಪಾಡಾಗಿದ್ದಿತು. ಸೋದರಮಾವಂದಿರು ಚಪ್ಪರ ಹಾಕುವರು. ಹುಡುಗರು ಮಾವಿನ ಸೊಪ್ಪು ತರುವರು. ಅಜ್ಜಿಯರು ಹೂ ಕಟ್ಟುವರು. ಹೆಣ್ಣುಮಕ್ಕಳು ಹಸೆ ಬರೆಯುವರು. ಕೈಹಾಕಿದವರಿಗೆಲ್ಲ ಆ ಮದುವೆಯಲ್ಲಿ ಒಂದು ಪಾಲು ಬರುತ್ತಿದ್ದಿತು. ಗುತ್ತಿಗೆಯ ಅಲಂಕಾರದಲ್ಲಿ ಬಂಧುಗಳಿಗೆ ಉಳಿಯುವುದು ನೋಡುವ ಕೆಲಸವೊಂದೇ. ಆದಕಾರಣ, ಕಿರಿಯ ಮಗಳ ಮದುವೆಯು ವೈಶಾಖಮಾಸದಲ್ಲಿ ಗೊತ್ತಾದಾಗ, ಮನೆಯ ಮುಂದಿನ ಬಯಲಿನಲ್ಲಿಯೇ ಚಪ್ಪರ ಹಾಕಿ ಸಿಂಗಾರವನ್ನೆಲ್ಲ ನಾವೇ ಮಾಡಿಕೊಳ್ಳುವುದೆಂದು ನಿಶ್ಚಯಿಸಿದೆವು. ಆಗ ಕಲಿತ ಸಂಗತಿಗಳನ್ನೇ ಈಗ ತಮ್ಮ ಮುಂದಿಡುವೆನು.

ಮೊದಲನೆಯದಾಗಿ, ಎಲ್ಲ ಕಡೆಯನ್ನೂ ಸಿಂಗರಿಸಹೋಗಬಾರದು. ಬಂದವರ ಕಣ್ಣು ನಿಲ್ಲುವುದು ಮೂರು ಸ್ಥಳಗಳಲ್ಲಿ: ಒಳಗೆ ಬರುವಾಗ ಬಾಗಿಲಿನಲ್ಲಿ, ಕುಳಿತಾಗ ವಧೂವರರ ಹಸೆಯಲ್ಲಿ, ಶಾಸ್ತ್ರಗಳು ನಡೆಯುವಾಗ ಕೈಯಿಂದ ಕೈಗೆ ಬರುವ ತಟ್ಟೆಗಳಲ್ಲಿ. ಈ ಮೂರನ್ನು ಚೆನ್ನಾಗಿ ಮಾಡಿ ಮಿಕ್ಕುದನ್ನು ಗುಡಿಸಿ ಸಾರಿಸಿ ಚೊಕ್ಕಟವಾಗಿಟ್ಟರೆ ಸಾಕು. ಹತ್ತು ಕಡೆ ಹರಡಿದ ಸಾಧಾರಣ ಅಲಂಕಾರಕ್ಕಿಂತ ಮೂರು ಕಡೆ ನಿಂತ ನಿಬಿಡವಾದ ಅಲಂಕಾರವು ಕಣ್ಣಿಗೆ ಹೆಚ್ಚಾಗಿ ಒಪ್ಪುವುದು; ಖರ್ಚೂ ಶ್ರಮವೂ ತಾವಾಗಿಯೇ ಮಿತಿಗೆ ಬರುವುವು.

ಬಾಗಿಲಿನಿಂದ ಪ್ರಾರಂಭಿಸೋಣ. ಮಾವಿನ ತೋರಣವನ್ನು ಮಂಗಳಕರವೆಂದು ಎಲ್ಲರೂ ಕಟ್ಟುವರು. ಅದರಲ್ಲಿ ಒಂದು ಜಾಣತನವೂ ಅಡಗಿದೆ. ಮಾವಿನ ಎಲೆಯು ತೊಗಲಿನಂತೆ ಗಟ್ಟಿಯಾದುದು. ಅದರ ಮೈಮೇಲೆ ಮೇಣದಂತಹ ತೆಳುಪೊರೆಯಿರುವುದರಿಂದ ಒಳಗಿನ ನೀರು ಬೇಗನೆ ಆರಿಹೋಗದು. ಒಣಗಿದ ಮೇಲೆಯೂ ಎಲೆಯು ಆಕಾರಗೆಡದೆ ಹುರಿಯಲ್ಲಿಯೇ ನಿಂತಿರುವುದು. ಆದರೆ ಎಲೆಯನ್ನು ಆರಿಸುವುದರಲ್ಲಿ ಎಚ್ಚರಿಕೆ ಬೇಕು. ಕೆಂಪಗಿರುವ ಚಿಗುರೆಲೆಗಳು ನೋಡಲು ಅಂದವಾದರೂ ಒಂದೆರಡು ಗಂಟೆಗಳಲ್ಲಿ ಜೋತುಬೀಳುವುವು. ಬಲಿತು ಕಡುಹಸಿರಾದ, ಹುಳುಕಿಲ್ಲದ, ಒಂದೇ ಅಳತೆಯ ಎಲೆಗಳನ್ನೇ ಕೀಳಬೇಕು. ತೊಟ್ಟಿನ ಕಡೆಯ ಒಂದಂಗುಲವನ್ನು ಹುರಿಯ ಮೇಲಿಂದ ಹಿಂದಕ್ಕೆ ಮಡಿಸಿ, ತೆಂಗಿನ ಗರಿಯ ಕಡ್ಡಿಯ ಚೂರಿನಿಂದ ಚುಚ್ಚಿದರೆ ಆಯಿತು. ಸೂಜಿ ದಾರಗಳ ಅಗತ್ಯವೂ ಇಲ್ಲ.

ಎಷ್ಟು ಎಲೆ ಬೇಕೆಂಬುದನ್ನು ಮೊದಲೇ ಲೆಕ್ಕಹಾಕಿಕೊಂಡರೆ ಮರವನ್ನು ವೃಥಾ ಬೋಳಿಸಿದಂತಾಗುವುದಿಲ್ಲ. ಮೂರೂವರೆ ಅಡಿ ಅಗಲದ ಬಾಗಿಲೆಂದರೆ ೪೨ ಅಂಗುಲ. ಎರಡು ಅಂಗುಲಕ್ಕೊಂದು ಎಲೆಯಂತೆ ೨೧ ಎಲೆಗಳು ಸಾಕು. ನಮ್ಮ ಚಪ್ಪರವು ೨೦ ಅಡಿ ಉದ್ದ, ೧೫ ಅಡಿ ಅಗಲವಿದ್ದಿತು. ಸುತ್ತಳತೆ ೭೦ ಅಡಿ. ಮೂರು ಅಂಗುಲಕ್ಕೊಂದರಂತೆ ೨೮೦ ಎಲೆಗಳು ಬೇಕಾದುವು. ನಿಮಿಷಕ್ಕೊಂದು ಎಲೆಯಂತೆ ಐದು ಜನ ಕುಳಿತರೆ ಒಂದು ಗಂಟೆಯೊಳಗಾಗಿ ಮುಗಿಯುವ ಕೆಲಸವಿದು. ನಗರದಲ್ಲಿ ಮಾವಿನ ಮರ ಎಲ್ಲಿಂದ ತರುವುದೆಂದು ಕೇಳಬಹುದು. ನಾಲ್ಕು ಬೀದಿ ನಡೆದರೆ ಒಂದಾದರೂ ಮರ ಕಾಣದೆ ಇರದು. ಮರದ ಒಡೆಯರನ್ನು ಕೇಳಿ, ಕೊಂಬೆ ಮುರಿಯದೆ ಎಲೆ ಬಿಡಿಸಿಕೊಂಡು, ಅವರನ್ನೂ ಮದುವೆಗೆ ಕರೆದರೆ ಆ ಋಣವೂ ತೀರುವುದು.

ಬಾಳೆಯ ಕಂಬದ ವಿಚಾರವೂ ಹೀಗೆಯೇ. ಬಾಳೆಯ ಕಾಂಡವು ಪಟ್ಟೆಯ ಮೇಲೆ ಪಟ್ಟೆಯಾಗಿ ಸುತ್ತಿಕೊಂಡು ನೀರನ್ನು ತುಂಬಿಕೊಂಡಿರುವುದು. ಆದಕಾರಣವೇ ಕಡಿದು ನಿಲ್ಲಿಸಿದರೂ ಎರಡು ಮೂರು ದಿನ ಹಸಿರಾಗಿಯೇ ಇರುವುದು. ಒಮ್ಮೆ ಗೊನೆ ಬಿಟ್ಟ ಬಾಳೆಯು ಮತ್ತೆ ಬಿಡುವುದಿಲ್ಲ. ಅದರ ಬುಡದ ಮರಿಗಳೇ ಮುಂದಿನ ಬೆಳೆ. ಆದುದರಿಂದ ಗೊನೆಸಹಿತವಾದ ಕಂಬವನ್ನು ಕಡಿಯುವುದರಿಂದ ತೋಟಗಾರನಿಗೆ ನಷ್ಟವಿಲ್ಲ. ಕಾರ್ಯ ಮುಗಿದ ಮೇಲೆ ಗೊನೆಯನ್ನು ಹಣ್ಣುಮಾಡಬಹುದು. ದಿಂಡನ್ನು ಪಲ್ಯಕ್ಕೆ ಹೆಚ್ಚಬಹುದು. ಪಟ್ಟೆಯಿಂದ ನಾರು ತೆಗೆಯಬಹುದು. ಥರ್ಮೋಕೋಲಿನ ಯಾವ ಕಂಬವೂ ಮರುದಿನ ನಮಗೆ ಪಲ್ಯವಾಗಿ ಬಡಿಸಿಕೊಂಡುದಿಲ್ಲ.

ಚಪ್ಪರದ ಹೊದಿಕೆಗೆ ತೆಂಗಿನ ಗರಿಯನ್ನು ಹೆಣೆಯಿಸಿದೆವು. ಗರಿಯ ನಡುದಿಂಡನ್ನು ಉದ್ದಕ್ಕೆ ಸೀಳಿ, ಎಸಳುಗಳನ್ನು ಒಂದರ ಮೇಲೊಂದು ಕೆಳಗೊಂದು ಹಾಯಿಸಿ ಹೆಣೆಯುವ ವಿದ್ಯೆಯನ್ನು ತೋಟದ ಕೆಲಸ ಬಲ್ಲವರೊಬ್ಬರು ಅರ್ಧ ಗಂಟೆಯಲ್ಲಿ ನಮ್ಮ ಹುಡುಗರಿಗೆ ಹೇಳಿಕೊಟ್ಟರು. ಇಲ್ಲಿ ಒಂದು ಮಾತು. ಅಂದಕ್ಕಾಗಿ ತೆಂಗಿನ ಬಿಳಿಯ ಎಳೆಗರಿಯನ್ನು ತರಿಸುವವರುಂಟು. ತೆಂಗಿನ ಮರಕ್ಕಿರುವುದು ಒಂದೇ ಕುಡಿ. ಅಲ್ಲಿಂದ ಮೇಲಿಂದ ಮೇಲೆ ಎಳೆಗರಿ ಕೀಳುತ್ತಿದ್ದರೆ ಮರವು ಬಳಲುವುದು. ಬಲಿತ ಹಸಿರು ಗರಿಯಿಂದಲೇ ಕೆಲಸ ಸಾಗುವಾಗ ಆ ಪಾಪವೇಕೆ?

ಹೊಸ್ತಿಲಿನ ಮುಂದಣ ರಂಗವಲ್ಲಿಯನ್ನು ಪುಡಿಯಿಂದಲೇ ಹಾಕಿದರೆ ಮೊದಲ ಇಪ್ಪತ್ತು ಜನ ಬರುವುದರೊಳಗೆ ಅದು ಅಳಿಸಿಹೋಗುವುದು. ಹಿಂದಿನ ದಿನವೇ ನೆಲಕ್ಕೆ ಕೆಮ್ಮಣ್ಣು ಸಾರಿಸಿ, ಅದು ಆರಿದ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವುದು ಲೇಸು. ಒಂದು ಪಾವು ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಯಿಸಿ, ಗಂಧದಂತೆ ನುಣ್ಣಗೆ ರುಬ್ಬಿ, ಹಾಲಿನ ಹದಕ್ಕೆ ನೀರು ಬೆರೆಸಬೇಕು. ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ, ಅಂಗೈಯಲ್ಲಿ ಹಿಡಿದು, ಉಂಗುರದ ಬೆರಳಿನ ತುದಿಯಿಂದ ಇಳಿಯಬಿಟ್ಟು ಗೆರೆ ಎಳೆಯುವರು. ಹಸಿಯಾಗಿರುವಾಗ ಗೆರೆಯು ಕಂಡೂ ಕಾಣದಂತಿರುವುದರಿಂದ ಹೊಸಬರು ಗಾಬರಿಯಿಂದ ಮತ್ತೆ ಮತ್ತೆ ತಿದ್ದಿ ಕೆಡಿಸುವುದುಂಟು. ಸ್ವಲ್ಪ ತಾಳ್ಮೆಯಿರಲಿ, ಆರುತ್ತಾ ಬಂದಂತೆ ಅದು ತಾನಾಗಿಯೇ ಬೆಳ್ಳಗೆ ಎದ್ದು ಕಾಣುವುದು.

ಇನ್ನು ಎರಡನೆಯ ಸ್ಥಳವಾದ ಹಸೆಗೆ ಬರೋಣ. ಗುತ್ತಿಗೆಯವರು ಅತ್ಯಂತ ಹೆಚ್ಚಾಗಿ ಹಣ ಹಿಡಿಯುವುದು ವಧೂವರರ ಬೆನ್ನಹಿಂದಿನ ತೆರೆಗೇ. ಈ ವಿಷಯದಲ್ಲಿ ನಮಗೆ ದಾರಿ ತೋರಿದುದು ಮಲೆನಾಡು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಿನ ದೀವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಹೆಂಗಸರು ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುವರು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಗುರಿಗೆ ಬೀಜದ ಹಳದಿ, ಇಷ್ಟೇ ಬಣ್ಣಗಳಿಂದ ಕೆಲಸ ನಡೆಸುವರು. ಕುಂಚವೆಂದರೆ ಪುಂಡಿಯ ನಾರು. ಗೆರೆಗಳೆಲ್ಲ ನೇರವಾಗಿಯೂ ನಿಬಿಡವಾಗಿಯೂ ಇರುವುವು. ಒಂದು ಚೌಕಟ್ಟು, ಅದರೊಳಗೆ ಮತ್ತೊಂದು ಚೌಕಟ್ಟು, ನಡುವೆ ಹೆಣ್ಣು ಗಂಡುಗಳು, ಸುತ್ತಲೂ ಭತ್ತದ ತೆನೆ, ಏಣಿ, ಹಕ್ಕಿ, ಹೂಬಳ್ಳಿ. ಅದರ ಮುಂದೆ ವಧೂವರರನ್ನು ಕುಳ್ಳಿರಿಸಿದರೆ ಬೇರೆ ತೆರೆಯೇಕೆ? ನಾಲ್ಕು ಬಗೆಯ ಬಣ್ಣವೂ ಅಡುಗೆಮನೆಯಿಂದಲೂ ಹಿತ್ತಲಿನಿಂದಲೂ ಹೊಲದಿಂದಲೂ ಬಂದುವು. ಆದರೂ ಆ ಚಿತ್ತಾರದ ಘನತೆಗೆ ಕುಂದಿಲ್ಲ.

ನಗರದ ಸುಣ್ಣದ ಗೋಡೆಗೆ ಕೆಮ್ಮಣ್ಣು ಬಳಿಯಲು ಮನೆಯ ಒಡೆಯರು ಒಪ್ಪುವುದು ಕಷ್ಟ. ಅದಕ್ಕಾಗಿ ನಾವು ನಾಲ್ಕು ಅಡಿ ಅಗಲದ ಒಂದು ಹಲಗೆಗೆ ಕೆಮ್ಮಣ್ಣನ್ನು ಬಳಿದು, ಚೆನ್ನಾಗಿ ಆರಿಸಿ, ಅದರ ಮೇಲೆ ಬರೆದೆವು. ನಮ್ಮ ಮನೆಯ ಮಕ್ಕಳಿಗೆ ಅಷ್ಟು ಸೂಕ್ಷ್ಮವಾದ ಗೆರೆ ಬಾರದೆಂಬುದು ಎರಡನೆಯ ದಿನವೇ ತಿಳಿಯಿತು. ಒಳಗಿನ ಚೌಕಟ್ಟನ್ನು ಆ ಕಲೆಯನ್ನು ಬಲ್ಲ ಒಬ್ಬ ಹೆಂಗಸಿನಿಂದ ಬರೆಯಿಸಿ, ಅವರು ಕೇಳಿದ ಹಣವನ್ನು ಚೌಕಾಸಿಯಿಲ್ಲದೆ ಕೊಟ್ಟೆವು. ಹೊರಗಿನ ಅಂಚನ್ನು ಮಾತ್ರ ಮಕ್ಕಳು ತುಂಬಿದರು. ಮಿತವ್ಯಯವೆಂದರೆ ಕಲಾವಿದರ ಕೂಲಿಯನ್ನು ಕಡಿಯುವುದಲ್ಲ; ಒಮ್ಮೆ ಕೊಟ್ಟ ಹಣಕ್ಕೆ ಬಹುಕಾಲ ಉಳಿಯುವ ವಸ್ತುವನ್ನು ಪಡೆಯುವುದು. ಆ ಹಲಗೆಯು ಈಗ ಮದುಮಗಳ ಹೊಸ ಮನೆಯ ನಡುಮನೆಯಲ್ಲಿದೆ.

ಹಲಗೆಯ ಎರಡು ಪಕ್ಕಗಳನ್ನು ಮುಚ್ಚಲು ಮನೆಯ ಹಳೆಯ ರೇಷ್ಮೆ ಸೀರೆಗಳನ್ನು ತೆಗೆದೆವು. ಆರು ಗಜದ ಸೀರೆಯೆಂದರೆ ೧೮ ಅಡಿ ಉದ್ದ, ಸುಮಾರು ನಾಲ್ಕು ಅಡಿ ಅಗಲ. ಅದನ್ನು ಅಡ್ಡಗಳುವಿನ ಮೇಲೆ ಅರ್ಧಕ್ಕೆ ಇಳಿಬಿಟ್ಟರೆ ಒಂಬತ್ತು ಅಡಿ ಎತ್ತರದ ತೆರೆಯಾಗುವುದು. ಪಕ್ಕಪಕ್ಕದಲ್ಲಿ ಮೂರು ಸೀರೆಗಳಿದ್ದರೆ ೧೨ ಅಡಿ ತುಂಬುವುದು. ನಿರಿಗೆ ಬೇಕಾದರೆ ಐದಾರು ಬೇಕು. ರೇಷ್ಮೆಗೆ ಗುಂಡುಸೂಜಿ ಚುಚ್ಚಬಾರದು. ಬಟ್ಟೆಯ ದಾರದಿಂದ ಮೇಲ್ಗಡೆ ಕಟ್ಟಬೇಕು. ಮಾಂಗಲ್ಯಧಾರಣೆಗೆ ಮುನ್ನ ಹಿಡಿಯುವ ಅಂತಃಪಟಕ್ಕೂ ಬಾಡಿಗೆಯ ಬಟ್ಟೆ ಬೇಡ. ಶುಭ್ರವಾದ ಬಿಳಿಯ ಪಂಚೆಯ ಮೇಲೆ ಕುಂಕುಮದಿಂದ ಸ್ವಸ್ತಿಕವನ್ನು ಬರೆದರೆ ಸಾಕು. ನಮ್ಮ ಮನೆಯಲ್ಲಿ ತೆರೆಯಾದ ಸೀರೆಗಳ ಪೈಕಿ ಒಂದು ನಮ್ಮ ತಾಯಿಯವರ ಧಾರೆಯ ಸೀರೆ. ಜರಿ ಕಪ್ಪಾಗಿದ್ದಿತು. ಆದರೂ ಬಂದ ಹೆಂಗಸರೆಲ್ಲರೂ ಮೊದಲು ಮುಟ್ಟಿ ನೋಡಿದುದು ಅದನ್ನೇ.

ಹೂವಿನ ಖರ್ಚನ್ನು ತಗ್ಗಿಸುವ ಮುಖ್ಯವಾದ ಉಪಾಯವು ಋತುವನ್ನು ಅರಿತು ಹೂವನ್ನು ಆರಿಸುವುದು. ದುಂಡುಮಲ್ಲಿಗೆಯು ಬೇಸಗೆಯಲ್ಲಿ ಹೇರಳವಾಗಿ ಬರುವುದು. ಚಳಿಗಾಲದಲ್ಲಿ ಅದು ದುರ್ಲಭ, ಬೆಲೆಯೂ ವಿಪರೀತ. ಸೇವಂತಿಗೆಯಾದರೋ ಹಗಲು ಕಿರಿದಾದಾಗ ಮೊಗ್ಗು ಬಿಡುವ ಸ್ವಭಾವದ ಗಿಡ; ಚಳಿಗಾಲವೇ ಅದರ ಸುಗ್ಗಿ. ವೈಶಾಖದ ಮದುವೆಗೆ ಸೇವಂತಿಗೆಯನ್ನೂ ಪುಷ್ಯದ ಸಮಾರಂಭಕ್ಕೆ ಮಲ್ಲಿಗೆಯನ್ನೂ ಬಯಸುವವರು ಹೂವಿಗಿಂತ ಹೆಚ್ಚಾಗಿ ಅಕಾಲಕ್ಕೆ ಬೆಲೆ ತೆರುವರು. ಎರಡನೆಯ ಉಪಾಯವೆಂದರೆ, ಕಟ್ಟಿದ ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳದೆ, ಬಿಡಿಹೂವನ್ನು ತೂಕಕ್ಕೆ ತಂದು ಮನೆಯಲ್ಲಿ ಕಟ್ಟುವುದು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಾಗಲಿ ಬೆಳಗಿನ ಜಾವಕ್ಕೆ ಹೋದರೆ ತಾಜಾ ಹೂವನ್ನು ಆರಿಸಿಕೊಳ್ಳಬಹುದು. ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ, ನೆನೆಸಿದ ಬಾಳೆಯ ನಾರಿನಿಂದ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಹೂವಿನ ಮೇಲೆಯೇ ನೀರು ಸುರಿದರೆ ಕಂದುವುದು. ಬಾಗಿಲಿಗೂ ಕಂಬಗಳಿಗೂ ಮಲ್ಲಿಗೆ ಸುತ್ತುವುದು ದಂಡ. ಅಲ್ಲಿಗೆ ಚೆಂಡುಹೂ ಸಾಕು. ಸುವಾಸನೆಯ ಹೂವಿರಬೇಕಾದುದು ಮುಡಿಯಲ್ಲಿ, ಮಾಲೆಯಲ್ಲಿ.

ಮೂರನೆಯ ಸ್ಥಳವಾದ ತಟ್ಟೆಗಳನ್ನು ವಾರಗಳ ಮುಂಚೆಯೇ ಮಾಡಿಡಬಹುದು. ಒಣಕೊಬ್ಬರಿಯ ಬಟ್ಟಲುಗಳ ಮೇಲೆ ಹೂ ಬಳ್ಳಿಗಳನ್ನು ಕೆತ್ತುವುದು ನಮ್ಮಲ್ಲಿ ಹಿಂದಿನಿಂದ ಬಂದ ವಿದ್ಯೆ. ಕರಿಯ ಸಿಪ್ಪೆಯನ್ನು ತೆಳ್ಳಗೆ ಹೆರೆದ ಕಡೆ ಬಿಳುಪು ಕಾಣುವುದು. ಉಳಿಸಿದ ಕಡೆ ಕಪ್ಪು ನಿಲ್ಲುವುದು. ಹರಿತವಾದ ಸಣ್ಣ ಚಾಕುವೊಂದಿದ್ದರೆ ಬೇರೆ ಬಣ್ಣ ಬೇಕಿಲ್ಲ. ಮದುಮಗಳ ಕೈಯಲ್ಲಿ ಕೊಡುವ ತೆಂಗಿನಕಾಯಿಯನ್ನು ಅರಿಶಿನ ಕುಂಕುಮಗಳಿಂದಲೂ, ಆರತಿಯ ತಟ್ಟೆಯನ್ನು ಬಣ್ಣ ಕಲಸಿದ ಅಕ್ಕಿಯಿಂದಲೂ ಸಿಂಗರಿಸಬಹುದು. ಆದರೆ ಕೈಕೆಲಸವೆಲ್ಲವೂ ಅಗ್ಗವೆಂದು ತಿಳಿಯಬಾರದು. ಮಣಿ, ಮುತ್ತು, ಜರಿಯ ಅಂಚು ಎಂದು ಅಂಗಡಿಯಿಂದ ತರುತ್ತ ಹೋದರೆ ಮಾಡಿದ ತಟ್ಟೆಯು ಕೊಂಡ ತಟ್ಟೆಗಿಂತ ದುಬಾರಿಯಾಗುವುದು. ನಾವೂ ಈ ತಪ್ಪನ್ನು ಮಾಡಿದೆವು. ಮೊದಲ ಎರಡು ತಟ್ಟೆಗಳ ಲೆಕ್ಕ ನೋಡಿದ ಮೇಲೆ, ಮನೆಯಲ್ಲಿ ಇರುವುದರಿಂದಲೇ ಮಾಡಬೇಕೆಂಬ ಕಟ್ಟನ್ನು ಹಾಕಿಕೊಂಡೆವು.

ಬೆಂಕಿಯ ವಿಷಯವನ್ನು ಹೇಳದೆ ಮುಂದಕ್ಕೆ ಹೋಗಲಾರೆ. ತೆಂಗಿನ ಗರಿಯು ಒಣಗಿತೆಂದರೆ ಒಳ್ಳೆಯ ಸೌದೆ. ೨೦೦೪ನೆಯ ಇಸವಿ ಜನವರಿಯಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿಯ ಶ್ರೀರಂಗದಲ್ಲಿ, ಮದುವೆ ನಡೆಯುತ್ತಿದ್ದಾಗಲೇ ಗರಿಯ ಚಪ್ಪರಕ್ಕೆ ಬೆಂಕಿ ತಗುಲಿ, ಮದುಮಗನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆದುದರಿಂದ ಗರಿಯು ಹಸಿಯಾಗಿರುವಾಗಲೇ ಹೊದಿಸಿ, ಕಾರ್ಯ ಮುಗಿದ ಕೂಡಲೆ ಇಳಿಸಬೇಕು. ವಿದ್ಯುತ್ತಿನ ತಂತಿಗಳನ್ನು ಗರಿಗಾಗಲಿ ಸೀರೆಗಾಗಲಿ ತಾಗುವಂತೆ ಎಳೆಯಬಾರದು. ಹೋಮದ ಕುಂಡವೂ ಅಡುಗೆಯ ಒಲೆಯೂ ಚಪ್ಪರದಿಂದ ಹೊರಗೆ, ತೆರೆದ ಬಾನಿನ ಕೆಳಗೆ ಇರುವುದು ಕ್ಷೇಮ. ಹೊರಗೆ ಹೋಗುವ ದಾರಿ ಎರಡಾದರೂ ಇರಲಿ. ನೀರಿನ ಕೊಡಗಳೂ ಮರಳಿನ ಬಕೆಟ್ಟುಗಳೂ ಕೈಗೆ ಎಟುಕುವಂತಿರಲಿ. ಇಷ್ಟನ್ನು ಪಾಲಿಸಲು ಸ್ಥಳವಿಲ್ಲದಿದ್ದರೆ ಗರಿಯ ಚಪ್ಪರವನ್ನೇ ಕೈಬಿಟ್ಟು ತೋರಣ ಬಾಳೆಗಂಬಗಳಿಗೆ ನಿಲ್ಲಿಸುವುದು ವಿವೇಕ.

ಕೆಲಸದ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಎಲ್ಲವೂ ಕಡೆಯ ರಾತ್ರಿಗೆ ಬಂದು ಬೀಳುವುದು. ಹಸೆಯ ಹಲಗೆ, ಕೊಬ್ಬರಿಯ ಕೆತ್ತನೆ, ತಟ್ಟೆಗಳು ಒಂದು ತಿಂಗಳ ಮುಂಚೆ. ಸೀರೆಗಳನ್ನು ಆರಿಸಿ ಗಾಳಿಗೆ ಹಾಕುವುದು ಒಂದು ವಾರ ಮುಂಚೆ. ಚಪ್ಪರ, ಬಾಳೆಗಂಬ, ತೋರಣ, ಹೊಸ್ತಿಲಿನ ರಂಗವಲ್ಲಿ ಹಿಂದಿನ ದಿನ. ಹೂ ಕಟ್ಟುವುದು ಹಿಂದಿನ ಸಂಜೆ. ಮುಹೂರ್ತದ ಬೆಳಗ್ಗೆ ಮಾಡುವ ಕೆಲಸ ಯಾವುದನ್ನೂ ಉಳಿಸಬಾರದು. ಇದಕ್ಕಿಂತಲೂ ಮುಖ್ಯವಾದುದು ಕೆಲಸದ ಹಂಚಿಕೆ. ಮನೆಯಲ್ಲಿಯೇ ಮಾಡೋಣವೆಂದು ಗಂಡಸರು ಉತ್ಸಾಹದಿಂದ ನಿರ್ಣಯಿಸುವರು. ಮಾಡುವ ಭಾರವು, ಅಡುಗೆಯ ಏರ್ಪಾಡಿನ ಮೇಲೆ ಇನ್ನೊಂದಾಗಿ, ಹೆಂಗಸರ ತಲೆಯ ಮೇಲೆ ಬೀಳುವುದು. ಇದು ಮಿತವ್ಯಯವಲ್ಲ, ಹಣದ ಬದಲು ಒಬ್ಬರ ನಿದ್ರೆಯನ್ನು ಖರ್ಚುಮಾಡಿದಂತೆ. ನಮ್ಮ ಮನೆಯಲ್ಲಿ ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆವು. ಎಲೆ ಚುಚ್ಚುವ ಸಾಲಿನಲ್ಲಿ ಮೊದಲನೆಯ ಹೆಸರು ತಂಗಿಯ ಯಜಮಾನರದು.

ಇಷ್ಟೂ ಬೇಡವೆನ್ನುವವರಿಗೆ ಇನ್ನೂ ಸರಳವಾದ ಮಾರ್ಗವುಂಟು. ೧೯೬೬ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ, ಆಡಂಬರಕ್ಕೆ ಎಡೆಯಿಲ್ಲದೆ ನಡೆಸಿ ತೋರಿಸಿದರು. ಆ ದಾರಿ ಹಿಡಿದವರು ಇಂದಿಗೂ ಇರುವರು. ಅಷ್ಟು ದೂರ ಹೋಗಲು ಮನಸ್ಸೊಪ್ಪದ ಮನೆಗಳೇ ಹೆಚ್ಚು. ನನ್ನ ಮಾತು ಅವರಿಗೆ. ಅಲಂಕಾರಕ್ಕೆ ಥರ್ಮೋಕೋಲಿನ ಬಳಕೆಯನ್ನಂತೂ ೨೦೨೨ನೆಯ ಇಸವಿ ಜುಲೈ ೧ರಿಂದ ದೇಶದಲ್ಲೆಲ್ಲ ನಿಷೇಧಿಸಿರುವುದರಿಂದ, ಹಳೆಯ ಸೊಪ್ಪು ಸೋಗೆಗಳ ಕಡೆಗೆ ತಿರುಗಲು ಕಾನೂನೂ ಈಗ ನೆರವಾಗಿದೆ.

ಕಿರಿಯ ಮಗಳ ಮದುವೆಯ ಸಿಂಗಾರಕ್ಕೆ, ಚಿತ್ತಾರದ ಕೂಲಿಯೂ ಸೇರಿ, ಹಿರಿಯವಳ ಮಂಟಪಕ್ಕಾದುದರ ಐದರಲ್ಲೊಂದು ಪಾಲು ತಗುಲಿತು. ಯಾರೂ ಸಾಲ ಮಾಡಲಿಲ್ಲ. ನಮ್ಮ ತಾಯಿಯವರ ಕೈ ಆಗಲೇ ನಡುಗುತ್ತಿದ್ದಿತು. ಹೂ ಕಟ್ಟಲು ಆಗುತ್ತಿರಲಿಲ್ಲ. ಅವರು ಮಾವಿನ ಎಲೆಗಳ ಮುಂದೆ ಕುಳಿತು, ಒಂದೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸಿ, ಒಂದೇ ಅಳತೆಯವನ್ನು ಬೇರ್ಪಡಿಸಿ ಕೊಟ್ಟರು. ೨೮೦ ಎಲೆಗಳೂ ಅವರ ಕೈಯಿಂದಲೇ ಬಂದುವು. ಊಟವಾದ ಮೇಲೆ ಮೊಮ್ಮಗಳ ಪಕ್ಕದಲ್ಲಿ ಹಸೆಯ ಮೇಲೆ ಕುಳಿತರು. ಎದ್ದೇಳಿರೆಂದು ಹೇಳುವವರು ಯಾರೂ ಇರಲಿಲ್ಲ. ಚಪ್ಪರವನ್ನು ಮರುದಿನ ಇಳಿಸಿದೆವು. ಬಾಗಿಲಿನ ತೋರಣವನ್ನು ಮಾತ್ರ ಅವರು ತೆಗೆಯಗೊಡಲಿಲ್ಲ. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿದರೂ, ಮುಂದಿನ ಯುಗಾದಿಗೆ ಹೊಸ ಎಲೆ ಕಟ್ಟುವವರೆಗೂ ಅಲ್ಲಿಯೇ ಇದ್ದಿತು.